ಟೊಂಗಾದ ಚೀಟಿಗೂ ಅದೇ ತೂಕ

ಮಾನ್ಯ ಸಂಪಾದಕರೇ,

ಪೋಪ್ ಲಿಯೋ ಅವರ ಆಯ್ಕೆಯ ದಿನಗಳಲ್ಲಿ ಎಲ್ಲೆಡೆ ಹೊಸ ಪೋಪ್ ಆಯ್ಕೆಯಾದರೆಂದು ಸಾರುವ ಚಿಮಣಿಯ ಬಿಳಿ ಹೊಗೆಯದ್ದೇ ಮಾತು. ಮತ ಹಾಕಿದವರು ಯಾರು ಎಂಬುದು ಅದಕ್ಕಿಂತ ದೊಡ್ಡ ಸುದ್ದಿಯಾಗಬೇಕಿತ್ತು. ಹಿಂದಿನ ಪೋಪ್ ಫ್ರಾನ್ಸಿಸ್ ಆಯ್ಕೆಯಾದ 2013ರಲ್ಲಿ ಮತ ಹಾಕಿದ 115 ಕಾರ್ಡಿನಲ್‌ಗಳಲ್ಲಿ (ಪೋಪ್ ಅವರನ್ನು ಆರಿಸುವ ಹಿರಿಯ ಧರ್ಮಗುರುಗಳು) 60 ಮಂದಿ ಯುರೋಪಿನವರು, ಅದರಲ್ಲಿ ಇಟಲಿಯವರೇ 28. 2025ರ ಮೇ ತಿಂಗಳಲ್ಲಿ 133 ಮಂದಿ ಸೇರಿದಾಗ ಯುರೋಪಿನ ಪಾಲು ಅರ್ಧಕ್ಕಿಂತ ಕೆಳಗಿಳಿದಿತ್ತು.

ಇದು ಫ್ರಾನ್ಸಿಸ್ ಅವರ ಕೆಲಸ. ಮಿಲಾನ್, ಪ್ಯಾರಿಸ್‌ನಂಥ ಹಳೆಯ ಬಿಷಪ್ ಪೀಠಗಳಿಗೆ ವಾಡಿಕೆಯಂತೆ ಸಿಗುತ್ತಿದ್ದ ಕೆಂಪು ಟೋಪಿಯನ್ನು, ಅಂದರೆ ಕಾರ್ಡಿನಲ್ ಪದವಿಯನ್ನು, ಅವರು ಕೊಡಲಿಲ್ಲ. ಲಕ್ಷದಷ್ಟು ಜನರಿರುವ ಪೆಸಿಫಿಕ್ ದ್ವೀಪರಾಷ್ಟ್ರ ಟೊಂಗಾದ ಬಿಷಪ್‌ಗೆ ಕೊಟ್ಟರು. ಮತದಾನ ನಡೆಯುವ ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಪ್ರತಿಯೊಬ್ಬರೂ ಮಡಚಿದ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬಲಿಪೀಠದವರೆಗೆ ನಡೆಯುತ್ತಾರೆ, ತಟ್ಟೆಯ ಮೇಲಿಟ್ಟು ಪಾತ್ರೆಯೊಳಗೆ ಜಾರಿಸುತ್ತಾರೆ. ಟೊಂಗಾದ ಚೀಟಿಗೂ ರೋಮಿನ ಚೀಟಿಗೂ ಅಲ್ಲಿ ಒಂದೇ ತೂಕ.

ಭಾರತದ ಮತಗಳು ಐದರಿಂದ ನಾಲ್ಕಕ್ಕೆ ಇಳಿದವು, ನಿಜ. ಆದರೆ ಆ ನಾಲ್ವರಲ್ಲಿ ಹೈದರಾಬಾದಿನ ಆಂಟನಿ ಪೂಲಾ ಇದ್ದರು. 2022ರಲ್ಲಿ ಕಾರ್ಡಿನಲ್ ಆದ ಅವರು ದಲಿತ ಸಮುದಾಯದಿಂದ ಆ ಸ್ಥಾನಕ್ಕೇರಿದ ಮೊದಲಿಗರು. ದಲಿತ ಕ್ರೈಸ್ತರಿಗೆ ಸಮಾಧಿಗೂ ಬೇರೆ ಜಾಗ ತೋರಿಸಿದ ಊರುಗಳು ದಕ್ಷಿಣ ಭಾರತದಲ್ಲಿವೆ. ಅದನ್ನು ಬಲ್ಲವರಿಗೆ ಆ ಒಂದು ಮತ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

80 ತುಂಬಿದವರಿಗೆ ಮತದ ಹಕ್ಕಿಲ್ಲದ ಕಾರಣ ಪಟ್ಟಿ ವರ್ಷವರ್ಷವೂ ಬದಲಾಗುತ್ತದೆ. ತೆರವಾಗುವ ಸ್ಥಾನಗಳಿಗೆ ಲಿಯೋ ಅವರೂ ಇಂಥ ಮೂಲೆಗಳತ್ತಲೇ ನೋಡಲಿ ಎಂಬುದು ನನ್ನ ಪ್ರಾರ್ಥನೆ.

– ಓರ್ವ ಓದುಗ, ಮಂಗಳೂರು