ಪಟ್ಟಿಯಲ್ಲಿರೋ ಪದಗಳನ್ನು ಒಮ್ಮೆ ಬಾಯಿಬಿಟ್ಟು ಓದು

ಪ್ರೀತಿಯ ತಂಗಿ,

ನೀನು ಕಳಿಸಿದ ಇಷ್ಟದ ಪದಗಳ ಪಟ್ಟಿ ಓದಿದೆ. ಕಂಬನಿ, ಇಬ್ಬನಿ, ಮುಗುಳ್ನಗೆ, ಹಂಬಲ, ಬೆರಗು, ಹೊಳೆ, ಇರುಳು, ಅನಂತ, ನಿರಂತರ. ಒಂದೊಂದರ ಮುಂದೆಯೂ ‘ತುಂಬಾ ಚೆನ್ನಾಗಿದೆ’ ಅಂತ ಬರೆದಿದ್ದೀಯ. ಯಾಕೆ ಚೆನ್ನಾಗಿದೆ ಅಂತ ಮಾತ್ರ ಎಲ್ಲೂ ಬರೆದಿಲ್ಲ. ಓದುಗರಿಗೆ ಆ ‘ಯಾಕೆ’ ಬೇಕಾಗಿಲ್ಲ, ಬರೆಯಲು ಹೊರಟವರಿಗೆ ಬೇಕೇ ಬೇಕು. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ಒಂದು ಕೆಲಸ ಮಾಡು. ಪಟ್ಟಿಯನ್ನು ಬಾಯಿಬಿಟ್ಟು ಓದು. ‘ಕಂಬನಿ’ ಅನ್ನು. ಮೊದಲ ಅಕ್ಷರಕ್ಕೇ ತುಟಿ ಮುಚ್ಚಿಕೊಳ್ಳುತ್ತದೆ, ಒಂದು ಗಳಿಗೆ ಹಾಗೇ ತಡೆದು ನಿಲ್ಲುತ್ತದೆ, ‘ಬ’ ಬಂದಾಗ ಬಿಟ್ಟುಕೊಡುತ್ತದೆ, ಆಮೇಲೆ ‘ನಿ’ ಸಣ್ಣಗೆ ಜಾರಿಹೋಗುತ್ತದೆ. ಕಣ್ಣಲ್ಲಿ ನೀರು ತುಂಬಿ, ತಡೆದು, ಕೊನೆಗೆ ಉದುರುವುದೂ ಹೀಗೇ ಅಲ್ವಾ? ಕಣ್ ಮತ್ತು ಪನಿ ಸೇರಿ ಆದ ಪದ ಇದು. ಪನಿ ಅಂದರೆ ಹನಿ. ಸುಮಾರು ಸಾವಿರ ವರ್ಷಗಳ ಹಿಂದೆ ಕನ್ನಡದಲ್ಲಿ ಪದದ ಮೊದಲಿಗೆ ಬರುತ್ತಿದ್ದ ‘ಪ’ ಮೆಲ್ಲಮೆಲ್ಲಗೆ ‘ಹ’ ಆಗತೊಡಗಿತು. ಪಕ್ಕಿ ಹಕ್ಕಿಯಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪನಿಯೂ ಹನಿಯಾಯಿತು. ಆದರೆ ಕಂಬನಿಯೊಳಗೆ ಸೇರಿಕೊಂಡಿದ್ದ ಪನಿ ಮೊದಲಲ್ಲಿ ಇರಲಿಲ್ಲ, ‘ಬನಿ’ ಆಗಿ ಒಳಗೇ ಕೂತುಬಿಟ್ಟಿತ್ತು, ಹಾಗಾಗಿ ಆ ಬದಲಾವಣೆ ಅದನ್ನು ಮುಟ್ಟಲೇ ಇಲ್ಲ. ಈಗ ‘ಕಣ್ಣಹನಿ’ ಅಂದು ನೋಡು. ಅರ್ಥ ಅದೇ. ಆದರೆ ತುಟಿ ಮುಚ್ಚುವುದಿಲ್ಲ, ತಡೆಯೇ ಇಲ್ಲ. ನಿನಗೆ ಕಂಬನಿ ಹಿಡಿಸಿದ್ದು ಆ ತಡೆಯಿಂದಲೇ ಅಂತ ನನಗೆ ಅನಿಸುತ್ತದೆ.

ಸದ್ದಿಗೂ ಅರ್ಥಕ್ಕೂ ನಂಟು ಇದೆಯಾ ಅಂತ ವಿಜ್ಞಾನಿಗಳೂ ಹುಡುಕಿದ್ದಾರೆ. 1929ರಲ್ಲಿ ಜರ್ಮನ್ ಮನಶ್ಶಾಸ್ತ್ರಜ್ಞ ವೋಲ್ಫ್‌ಗಾಂಗ್ ಕೋಲರ್ ಒಂದು ದುಂಡನೆಯ ಆಕಾರ, ಒಂದು ಮೊನೆಮೊನೆಯಾದ ಆಕಾರ ಇಟ್ಟುಕೊಂಡು, ಅರ್ಥವೇ ಇಲ್ಲದ ಎರಡು ಪದಗಳಲ್ಲಿ ಯಾವುದು ಯಾವುದಕ್ಕೆ ಒಪ್ಪುತ್ತದೆ ಅನ್ನೋ ಪ್ರಶ್ನೆ ಎತ್ತಿದ. 2001ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬಾರ್ಡ್ ಅದನ್ನೇ ‘ಬೂಬಾ’, ‘ಕಿಕಿ’ ಅನ್ನೋ ಪದಗಳಿಟ್ಟು ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ದುಂಡನೆಯದು ಬೂಬಾ, ಮೊನೆಯದು ಕಿಕಿ ಅಂದರು. ಈಚೆಗೆ 25 ಭಾಷೆಗಳ ಜನರನ್ನು ಕೇಳಿದಾಗಲೂ ನೂರಕ್ಕೆ 72ರಷ್ಟು ಉತ್ತರಗಳು ಹಾಗೇ ಬಂದವು.

ಕನ್ನಡದಲ್ಲೇ ನೋಡು. ಗುಂಡು, ದುಂಡು, ಉಂಡೆ ಅನ್ನುವಾಗ ತುಟಿಯೂ ದುಂಡಗಾಗುತ್ತದೆ. ಕಿಡಿ ಅನ್ನುವಾಗ ನಾಲಿಗೆ ತಾಗಿ ತಟ್ಟನೆ ಬಿಡುತ್ತದೆ, ಪದ ಹಾರಿ ಮುಗಿದೇಹೋಗುತ್ತದೆ. ಹಾಗಂತ ಇದೇ ನಿಯಮ ಅಂದುಕೊಳ್ಳಬೇಡ. ‘ಚೂಪು’ ಅನ್ನೋದು ಮೊನೆಯಾದದ್ದಕ್ಕೆ ಇರೋ ಪದ, ಬಾಯಿ ಮಾತ್ರ ಪೂರ್ತಿ ದುಂಡಗಾಗುತ್ತದೆ!

ಸದ್ದೊಂದೇ ಸಾಲದು ಅನ್ನೋದಕ್ಕೆ ನಿನ್ನ ಪಟ್ಟಿಯೇ ಸಾಕ್ಷಿ. ಹೊಳೆ ನಿನಗೆ ಇಷ್ಟ. ಎಲ್ಲರಿಗೂ ಇಷ್ಟ. ಆ ‘ಳೆ’ ಹೊರಡುವಾಗ ನಾಲಿಗೆ ಮೇಲಕ್ಕೆ ಮಡಚಿ ಬಿಚ್ಚಿಕೊಳ್ಳುವ ರೀತಿಯೇ ಚೆಂದ. ಮೊದಲಕ್ಷರ ಒಂದನ್ನು ಬದಲಾಯಿಸು: ಕೊಳೆ. ಅದೇ ‘ಳೆ’, ಅದೇ ಸ್ವರಗಳು, ಅದೇ ಏರಿಳಿತ. ಆದರೂ ಇಷ್ಟದ ಪದ ಅಂತ ಕೊಳೆಯನ್ನು ಬರೆದವರನ್ನು ನಾನು ಕಂಡಿಲ್ಲ. ಅಂದರೆ ಅರ್ಥ ಒಪ್ಪಿಗೆ ಕೊಟ್ಟ ಮೇಲೇ ಕಿವಿ ಆ ಸದ್ದನ್ನು ಇಂಪು ಅನ್ನುತ್ತದೆ. 2004ರಲ್ಲಿ ಬ್ರಿಟಿಷ್ ಕೌನ್ಸಿಲ್, ಇಂಗ್ಲಿಷ್ ಮಾತೃಭಾಷೆಯಲ್ಲದ 102 ದೇಶಗಳ 40,000ಕ್ಕೂ ಹೆಚ್ಚು ಜನರನ್ನು ಇಂಗ್ಲಿಷಿನ ಅತಿ ಸುಂದರ ಪದ ಯಾವುದು ಅಂತ ಕೇಳಿತ್ತು. ಮೊದಲ ಸ್ಥಾನ ಬಂದಿದ್ದು ‘ಮದರ್’ಗೆ. ಸದ್ದಿನಲ್ಲಿ ಅದಕ್ಕೂ ‘ಫಾದರ್’ಗೂ ಎಷ್ಟು ದೂರ? ಹೆಚ್ಚೇನಿಲ್ಲ. ಆ ಸಮೀಕ್ಷೆಯಿಂದ ಹೊರಬಂದ 70 ಪದಗಳ ಪಟ್ಟಿಯಲ್ಲಿ ‘ಫಾದರ್’ ಇರಲೇ ಇಲ್ಲ. ಜನ ಪದವನ್ನು ಆರಿಸುತ್ತೇವೆ ಅಂದುಕೊಂಡು ಪದದ ಹಿಂದಿರುವ ಮುಖವನ್ನು ಆರಿಸಿರುತ್ತಾರೆ. ಅದು ತಪ್ಪಲ್ಲ. ಆದರೆ ಬರೆಯುವವಳಾಗಿ ನಿನಗೆ ಈ ವ್ಯತ್ಯಾಸ ಗೊತ್ತಿರಬೇಕು, ಯಾಕೆಂದರೆ ನಿನ್ನ ಮನಸ್ಸಿನಲ್ಲಿರೋ ಮುಖ ಓದುಗರಿಗೆ ಕಾಣುವುದಿಲ್ಲ.

ಈಗ ಪಟ್ಟಿಯ ಕೊನೆಗೆ ಬರುತ್ತೇನೆ. ಅನಂತ, ನಿರಂತರ. ಇವೆರಡನ್ನು ನಾನಾಗಿದ್ದರೆ ತೆಗೆದುಹಾಕುತ್ತಿದ್ದೆ. ಪದಗಳಲ್ಲಿ ದೋಷವಿಲ್ಲ, ಬಾಯಿಗೂ ಹಿತವಾಗಿವೆ. ಆದರೆ ಇಂಥ ದೊಡ್ಡ ಪದ ಕೈಗೆ ಸಿಕ್ಕಿದರೆ ನೋಡುವ ಕೆಲಸ ನಿಂತುಹೋಗುತ್ತದೆ. ಆಕಾಶ ಅನಂತ ಅಂತ ಬರೆದ ಮೇಲೆ ಆಕಾಶದ ಕಡೆ ಮತ್ತೆ ಕತ್ತೆತ್ತುವ ಅಗತ್ಯವೇ ಇಲ್ಲ ಅನಿಸಿಬಿಡುತ್ತದೆ. ನಿನ್ನ ಕಥೆಯಲ್ಲಿ ‘ನಿರಂತರ ಮಳೆ’ ಅಂತ ಇದೆ. ‘ಬಿಡದೆ ಸುರಿಯುವ ಮಳೆ’ ಅಂದುನೋಡು. ಬಿಡದೆ ಅನ್ನೋದರಲ್ಲಿ ಹಠ ಇದೆ, ಸುರಿಯುವುದರಲ್ಲಿ ಭಾರ ಇದೆ. ಮಳೆ ಎದ್ದು ಬಂತು ಅಲ್ವಾ?

ನಿನ್ನ ಪಟ್ಟಿಯಲ್ಲಿ ಇಲ್ಲದ, ಇರಲೇಬೇಕಿದ್ದ ಒಂದು ಪದ ಹೇಳಲಾ? ಸುಮ್ಮನೆ. ದಿನಕ್ಕೆ ಎಷ್ಟು ಸಲ ಹೇಳುತ್ತೇವೋ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಸುಮ್ನಿರು ಅಂದರೆ ಮಾತಾಡಬೇಡ. ಸುಮ್ನೆ ಬಂದೆ ಅಂದರೆ ಕಾರಣವಿಲ್ಲದೆ ಬಂದೆ. ಸುಮ್ನೆ ಹೇಳಿದೆ ಅಂದರೆ ನಿಜವಲ್ಲ, ತಮಾಷೆಗೆ. ಸುಮ್ನೆ ಕೊಡ್ತಾರಾ ಅಂದರೆ ಬಿಟ್ಟಿಯಾಗಿ ಕೊಡುತ್ತಾರಾ ಅಂತ. ‘ಏನಾಯ್ತು?’ ಅಂತ ಕೇಳಿದಾಗ ‘ಏನಿಲ್ಲ, ಸುಮ್ನೆ’ ಅನ್ನುವವರ ದನಿ ಕೇಳಿದ್ದೀಯಲ್ಲ, ಅಲ್ಲಿ ಎಷ್ಟೊಂದು ಇರುತ್ತದೆ! ನಡುವಿನ ‘ಮ್ಮ’ಕ್ಕೆ ತುಟಿ ಮುಚ್ಚಿ, ಹೇಳಬೇಕಾದದ್ದು ಒಳಗೇ ಉಳಿದುಬಿಡುತ್ತದೆ. ಒಬ್ಬ ಪಾತ್ರದ ಬಾಯಲ್ಲಿ ಈ ಪದವನ್ನು ಸರಿಯಾದ ಜಾಗದಲ್ಲಿ ಆಡಿಸಿದರೆ ಒಂದು ಪುಟದ ವಿವರಣೆ ಉಳಿಯುತ್ತದೆ.

ಹಾಗೇ ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿ ಅಂತ ಓದಿ ಮರೆತುಬಿಟ್ಟ ಪದಗಳನ್ನೂ ಮತ್ತೆ ತೆಗೆದು ನೋಡು. ನಟ್ಟನಡು, ತುತ್ತತುದಿ, ಕಟ್ಟಕಡೆ, ಮೊಟ್ಟಮೊದಲು, ಬಟ್ಟಬಯಲು. ನಡು ಅಂದರೆ ಮಧ್ಯ, ಸರಿ. ನಟ್ಟನಡು ಅಂದಾಗ ಆ ‘ಟ್ಟ’ ಮೊಳೆ ಹೊಡೆದ ಹಾಗೆ ಜಾಗ ಗುರುತು ಮಾಡಿಬಿಡುತ್ತದೆ, ಆಚೆಗೂ ಇಲ್ಲ ಈಚೆಗೂ ಇಲ್ಲ. ‘ಸರಿಯಾಗಿ ಮಧ್ಯದಲ್ಲಿ’ ಅಂತ ಬರೆದರೆ ಓದುಗರಿಗೆ ತಿಳಿಯುತ್ತದೆ, ನಟ್ಟನಡುವೆ ಅಂತ ಬರೆದರೆ ಅವರು ಅಲ್ಲೇ ನಿಂತಿರುತ್ತಾರೆ. ಜುಳುಜುಳು, ಕಿಲಕಿಲ, ಥಳಥಳ ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವು ಚೆಂದವೇ, ಆದರೆ ಎಲ್ಲರೂ ಎಲ್ಲಾ ಕಡೆ ಬಳಸಿ ಈಗ ನೀರು ಅಂದ ಕೂಡಲೇ ಜುಳುಜುಳು ತಾನಾಗಿಯೇ ಬರುತ್ತದೆ. ತಾನಾಗಿ ಬಂದದ್ದನ್ನು ಒಮ್ಮೆ ಅನುಮಾನದಿಂದ ನೋಡುವುದು ಒಳ್ಳೆಯದು.

ಇದೇ ಅಪಾಯ ನಿನ್ನ ಪ್ರೀತಿಯ ಪದಗಳಿಗೂ ಇದೆ. ಯಾವುದಾದರೂ ಪದವನ್ನು ಬಿಡದೆ ಹೇಳುತ್ತಾ ಹೋಗು: ಬೆರಗು, ಬೆರಗು, ಬೆರಗು. ಸ್ವಲ್ಪ ಹೊತ್ತಿಗೆ ಅರ್ಥ ಕಳಚಿಬಿದ್ದು ಬರೀ ಸದ್ದು ಉಳಿಯುತ್ತದೆ. ಇದಕ್ಕೆ ಮನಶ್ಶಾಸ್ತ್ರದಲ್ಲಿ ‘ಸೆಮ್ಯಾಂಟಿಕ್ ಸೇಷಿಯೇಷನ್’ ಅಂತ ಹೆಸರೇ ಇದೆ, 1962ರಲ್ಲಿ ಲಿಯಾನ್ ಜಾಕೊಬೊವಿಟ್ಸ್ ತನ್ನ ಪಿಎಚ್.ಡಿ. ಪ್ರಬಂಧವನ್ನು ಇದರ ಮೇಲೇ ಬರೆದ. ಒಂದೇ ಕಥೆಯಲ್ಲಿ ‘ಬೆರಗು’ ಪ್ಯಾರಾಕ್ಕೊಮ್ಮೆ ಬಂದರೆ ಓದುಗರಿಗೂ ಹಾಗೇ ಆಗುತ್ತದೆ, ನಿಧಾನಕ್ಕೆ ಅಷ್ಟೇ. ನನ್ನ ಮಟ್ಟಿಗೆ ಇಷ್ಟದ ಪದವನ್ನು ಒಂದು ಬರಹದಲ್ಲಿ ಒಮ್ಮೆ ಮಾತ್ರ ಬಳಸುತ್ತೇನೆ. ಅದಕ್ಕಿಂತ ಸರಿಯಾದ ಜಾಗ ಮುಂದೆ ಸಿಕ್ಕರೆ ಹಿಂದಿನದನ್ನು ಹೊಡೆದುಹಾಕುತ್ತೇನೆ. ಕರುಳು ಚುರ್ ಅನ್ನುತ್ತದೆ, ಆದರೂ ಹೊಡೆದುಹಾಕುತ್ತೇನೆ.

ನಿಘಂಟು ಹತ್ತಿರ ಇಟ್ಟುಕೋ. 1894ರಲ್ಲಿ ಬಂದ ಕಿಟೆಲ್ ಅವರ ನಿಘಂಟನ್ನು ಸುಮ್ನೆ ಎಲ್ಲಿ ಬೇಕೋ ಅಲ್ಲಿ ತೆರೆದು ಓದಿದರೂ ಸಾಕು, ಹಳೆಯ ರೂಪಗಳು ಎದುರಾಗುತ್ತವೆ, ನಾವು ಕೈಬಿಟ್ಟ ಎಷ್ಟೋ ಪದಗಳೂ ಸಿಗುತ್ತವೆ. ಆದರೆ ಅಲ್ಲಿಂದ ಎತ್ತಿದ ಪದವನ್ನು ಅದೇ ದಿನ ಬರಹಕ್ಕೆ ಹಾಕಬೇಡ. ಕೆಲವು ದಿನ ಬಾಯಲ್ಲಿ ಆಡಿಸು. ಮಾತಿನ ನಡುವೆ ತಾನಾಗಿ ಬಂತು ಅಂದರೆ ಆಗ ಅದು ನಿನ್ನದು.

ಇನ್ನೊಂದೇ ಕೆಲಸ ಇದೆ, ಇದನ್ನು ನಿಜವಾಗಲೂ ಮಾಡು. ನಿನಗೆ ಇಷ್ಟವೇ ಇಲ್ಲದ, ಹೇಳಿದರೆ ಮುಖ ಕಿವುಚುವಂಥ ಪದಗಳದ್ದೂ ಒಂದು ಪಟ್ಟಿ ಮಾಡು. ಜಿಡ್ಡು, ಕೀವು, ಗೊಣ್ಣೆ, ಲೋಳೆ, ಕಮಟು. ಇವುಗಳ ಸದ್ದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದೆ, ಅದಕ್ಕೇ ಮುಖ ಕಿವುಚುತ್ತೇವೆ. ರೋಗಿಯೊಬ್ಬರ ಪಕ್ಕ ರಾತ್ರಿಯಿಡೀ ಕೂತವರ ಬಗ್ಗೆ ಬರೆಯುವಾಗ ಇಬ್ಬನಿ, ಮುಗುಳ್ನಗೆ ನಿನ್ನ ನೆರವಿಗೆ ಬರುವುದಿಲ್ಲ, ಕೀವು ಬರುತ್ತದೆ. ಆ ಪಟ್ಟಿಯಿಂದ ಎರಡು ಪದ ಆರಿಸಿಕೊಂಡು, ನೀನು ತುಂಬಾ ಪ್ರೀತಿಸುವ ಯಾರ ಬಗ್ಗೆಯಾದರೂ ಒಂದು ಪ್ಯಾರಾ ಬರೆದು ಕಳಿಸು. ಎರಡೂ ಪದ ಅಲ್ಲಿ ಅಗತ್ಯವಾಗಿ ಇರಬೇಕು, ತೆಗೆದರೆ ಪ್ಯಾರಾ ನಿಲ್ಲಬಾರದು. ಕಳಿಸಿದ ದಿನವೇ ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ