ಅಪ್ಪನ ಕಾಲಿನ ವಿಷಯ

ಡಬ್ಲಿನ್‌ನಿಂದ

ಪ್ರೀತಿಯ ಅಮ್ಮನಿಗೆ,

ಸರ್ವೇಶ್ವರನಿಗೆ ಸ್ತೋತ್ರ. ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರ ಬಂತು. ಪಾಸ್ಕ ಹಬ್ಬಕ್ಕೆ (ಇಲ್ಲಿಯವರ ಈಸ್ಟರ್) ಒತ್ತು ಶಾವಿಗೆ, ಮಟನ್ ಸಾರು ಮಾಡಿದ್ದು ಓದಿ ಹೊಟ್ಟೆ ಉರಿಯಿತು. ಇದನ್ನು ರೀಟಾಳ ಮೇಲ್‌ಗೆ ಹಾಕುತ್ತಿದ್ದೇನೆ. ಅಪ್ಪ ಎದುರಿಗೆ ಇಲ್ಲದಾಗ ಓದಿಸಿಕೊ. ಫೋನಿನಲ್ಲಾದರೆ ಅವರು ಮಧ್ಯೆ ಬಾಯಿ ಹಾಕುತ್ತಾರೆ.

"ನರ್ಸಿಂಗ್ ಓದಿಸಿದ್ದು ಕುಡುಕರ ತಟ್ಟೆ ತೊಳೆಯೋಕಾ?" ಅಂತ ಕೇಳಿದ್ದೀಯ. ಅಂತೋಣಿ ಮಾವ ಹೇಳಿಕೊಟ್ಟ ಮಾತು, ಅಲ್ವಾ? ಡ್ಯೂಟಿ ತಪ್ಪಿಸಿ ಹೋಗುತ್ತಿಲ್ಲಮ್ಮ. ರಜೆಯ ದಿನ ಮಾತ್ರ. ಬೋ ಸ್ಟ್ರೀಟ್‌ನಲ್ಲಿ ಕಪುಚಿನ್ ಸನ್ಯಾಸಿ ಸಭೆಯ ಸ್ವಾಮಿಗಳ ಕೇಂದ್ರವಿದೆ. 1969ರಲ್ಲಿ ಬ್ರದರ್ ಕೆವಿನ್ ಶುರು ಮಾಡಿದ್ದು. ಮನೆ ಇಲ್ಲದವರಿಗೆ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ. ಯಾಕೆ ಹೀಗಾದೆ ಅಂತ ಯಾರನ್ನೂ ಕೇಳುವುದಿಲ್ಲ. 2018ರಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿಗೆ ಬಂದಾಗ ಅಲ್ಲಿಗೂ ಹೋಗಿದ್ದರು. ಇದನ್ನು ಮಾವನಿಗೆ ತಪ್ಪದೆ ಓದಿ ಹೇಳು.

ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲ ಮುಗಿದರೆ ಅಲ್ಲಿಗೆ ಹೋಗೋದು ಬಿಡೋಣ ಅಂತಲೇ ಇದ್ದೆ. ಪಾಸ್ಕ ವಾರದ ಶುಕ್ರವಾರ ಪೂಜೆಗೆ ಹೋದೆ. ಎದ್ದು ಬಂದ ಯೇಸುಸ್ವಾಮಿ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು, ರಾತ್ರಿಯೆಲ್ಲ ಬಲೆ ಬೀಸಿ ಸುಸ್ತಾದ ಶಿಷ್ಯರನ್ನು ತಿಂಡಿಗೆ ಕರೆದ ವಾಚನ ಅವತ್ತು. ಸಾವನ್ನು ಗೆದ್ದು ಬಂದವರು ಒಲೆ ಮುಂದೆ ಕೂತಿದ್ದಾರೆ! ಆಮೇಲೆ ಬಿಡೋಕೆ ಮನಸ್ಸು ಬರಲಿಲ್ಲ.

ಇನ್ನೊಂದು ತಮಾಷೆ. ಇಲ್ಲಿ ಶುಭ ಶುಕ್ರವಾರಕ್ಕೆ ಸರ್ಕಾರಿ ರಜೆ ಇಲ್ಲ, ಈಸ್ಟರ್ ಸೋಮವಾರಕ್ಕೆ ಇದೆ. ಆದರೆ 2017ರವರೆಗೂ ಆ ಶುಕ್ರವಾರ ಪಬ್‌ಗಳು ಬಾಗಿಲು ಹಾಕಬೇಕಿತ್ತಂತೆ.

ಈಗ ಅಪ್ಪನ ಕಾಲು. ಕೊನೆ ಸಾಲಿನಲ್ಲಿ ಸುಮ್ನೆ ಬರೆದುಬಿಟ್ಟಿದ್ದೀಯ, "ಹೆಬ್ಬೆರಳ ಹತ್ತಿರ ಗುಳ್ಳೆ ಎದ್ದಿದೆ, ನೋವಿಲ್ಲವಂತೆ, ಅರಿಶಿನ ಹಚ್ಚಿದ್ದೇನೆ" ಅಂತ. ಎಷ್ಟು ದಿನವಾಯಿತು? ಕಪ್ಪಗಾಗಿದೆಯಾ? ವಾಸನೆ ಬರುತ್ತಾ? ಆ ಕೇಂದ್ರದಲ್ಲಿ ಪಾದ ನೋಡುವವರೂ ಇದ್ದಾರೆ. ಮೊನ್ನೆ ನನ್ನನ್ನೂ ಕರೆದರು. ಒಬ್ಬ ಅಜ್ಜ ಬೂಟು ಬಿಚ್ಚಿದರೆ ಒಳಗೆ ಸಣ್ಣ ಕಲ್ಲು. ಅಂಗಾಲು ತೂತಾಗಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಶುಗರ್ ಜಾಸ್ತಿಯಾಗಿ ನರ ಕೆಟ್ಟರೆ ನೋವು ತಿಳಿಯುವುದಿಲ್ಲ. ನೋವಿಲ್ಲ ಅಂದದ್ದಕ್ಕೇ ನನಗೆ ಭಯ. ಪವಿತ್ರ ಗುರುವಾರ ಚರ್ಚಿನಲ್ಲಿ ಸ್ವಾಮಿಗಳಿಂದ ಪಾದ ತೊಳೆಸಿಕೊಂಡ 12 ಜನರಲ್ಲಿ ಅಪ್ಪನೂ ಇದ್ದರಲ್ಲ, ಸ್ವಾಮಿಗಳ ಕಣ್ಣಿಗೂ ಬೀಳಲಿಲ್ಲವಾ? ತೊಳೆದದ್ದು ಬಲಗಾಲು, ಗುಳ್ಳೆ ಎಡಗಾಲಲ್ಲಿ ಇರಬೇಕು.

ಅರಿಶಿನ ನಿಲ್ಲಿಸು. ಗುಳ್ಳೆ ಒಡೆಯಬೇಡಿ. ಬರಿಗಾಲಲ್ಲಿ ತೋಟಕ್ಕೆ ಹೋಗಕೂಡದು. ನಾಳೆಯೇ ಮೈಸೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು, ಶುಗರ್ ಪರೀಕ್ಷೆಯೂ ಆಗಲಿ. 30 ಸಾವಿರ ಹಾಕಿದ್ದೇನೆ. ಗೊಬ್ಬರಕ್ಕೆ ಅಂತ ಕೇಳಿದರೆ ಕೊಡಬೇಡ.

ಹೆದರಬೇಡಿ, ಬೇಗ ತೋರಿಸಿದರೆ ವಾಸಿಯಾಗುತ್ತದೆ. ಖಂಡಿತ ವಾಸಿಯಾಗುತ್ತದೆ. ನಾನೂ ಹೆದರಿಲ್ಲ. ಇಲ್ಲಿ ಚಳಿ ಇಲ್ಲ, ಊಟಕ್ಕೆ ತೊಂದರೆ ಇಲ್ಲ, ನಿದ್ದೆಯೂ ಚೆನ್ನಾಗಿ ಬರುತ್ತಿದೆ.

ಮದುವೆ ವಿಷಯ ಮುಂದಿನ ಪತ್ರದಲ್ಲಿ. ಬಸ್ಸಿಗೆ ಹೊತ್ತಾಯಿತು, ಇವತ್ತು ನೈಟ್ ಡ್ಯೂಟಿ. ಕಾಲಿನ ಫೋಟೋ ಈಗಲೇ ವಾಟ್ಸಾಪ್ ಮಾಡಿಸು. ಎರಡೂ ಕಾಲು.

ನಿನ್ನ
ಶಾಂತಿ