ಕರೆಂಟ್ ಬಿಲ್ ಏರಿಕೆ: ಗುಂಪಿನ ಸದಸ್ಯರಿಗೆ ಸೂಚನೆ

ಇಲಿನಾಯ್ ಕನ್ನಡ ಬಳಗದ ಆತ್ಮೀಯರೇ,

2021ರ ಸೆಪ್ಟೆಂಬರ್ 15ರಂದು ಗವರ್ನರ್ ಪ್ರಿಟ್ಸ್‌ಕರ್ ಸಹಿ ಹಾಕಿದ ಶುದ್ಧ ಇಂಧನ ಕಾಯ್ದೆಯಿಂದಲೇ ಕರೆಂಟ್ ಬಿಲ್ ಏರಿತೆಂಬ ಸಂದೇಶ ಗುಂಪಿನಲ್ಲಿ ಹರಿದಾಡುತ್ತಿದೆ. ಅದು ಅರ್ಧ ಸತ್ಯ. ನವೀಕರಿಸಬಹುದಾದ ಇಂಧನದ ಶುಲ್ಕ ಹೆಚ್ಚಿದ್ದು ನಿಜ, ಪಿಂಚಣಿಯನ್ನೇ ನಂಬಿದ ಹಿರಿಯರಿಗೆ ಅದು ಹೊರೆಯೇ ಸರಿ. ಆದರೆ ಬೈರನ್, ಡ್ರೆಸ್ಡನ್, ಬ್ರೈಡ್‌ವುಡ್ ಅಣುಸ್ಥಾವರಗಳಿಗೆ ನೆರವು ನೀಡುವಾಗ, ಮಾರುಕಟ್ಟೆ ದರ ಮಿತಿ ಮೀರಿದರೆ ಹೆಚ್ಚುವರಿ ಹಣ ಗ್ರಾಹಕರಿಗೇ ಮರಳಬೇಕೆಂದು ಅದೇ ಕಾಯ್ದೆ ಷರತ್ತು ವಿಧಿಸಿತ್ತು; 2022ರ ಬೇಸಿಗೆಯಲ್ಲಿ ದರ ಜಿಗಿದಾಗ ಕಾಮ್‌ಎಡ್ ವಿದ್ಯುತ್ ಕಂಪನಿಯ ಗ್ರಾಹಕರ ಬಿಲ್ಲಿನಲ್ಲಿ ಆ ಮೊತ್ತವನ್ನು ಕಳೆಯಲಾಯಿತು. ಕಾಮ್‌ಎಡ್ ಬಿಲ್ಲಿನಲ್ಲಿ 2025ರ ಜೂನ್‌ನ ಏರಿಕೆಗೆ ಮುಖ್ಯ ಕಾರಣ, ವಿದ್ಯುತ್ ಜಾಲ ನಿರ್ವಹಿಸುವ ಪಿಜೆಎಂ ಸಂಸ್ಥೆಯ ಸಾಮರ್ಥ್ಯ ಹರಾಜು (ಬೇಡಿಕೆ ಬಂದಾಗ ವಿದ್ಯುತ್ ಪೂರೈಸಲು ಸಿದ್ಧವಿರುವುದಕ್ಕೆ ಸ್ಥಾವರಗಳಿಗೆ ಕೊಡುವ ದರದ ಹರಾಜು): ಪ್ರತಿ ಮೆಗಾವ್ಯಾಟ್‌ಗೆ ದಿನಕ್ಕೆ 28.92 ಡಾಲರ್ ಇದ್ದ ದರ 269.92ಕ್ಕೆ ಏರಿತ್ತು. ದಯವಿಟ್ಟು ನಿಮ್ಮ ಕಾಮ್‌ಎಡ್ ಬಿಲ್ಲಿನಲ್ಲಿ ‘ಕಾರ್ಬನ್-ಫ್ರೀ ಎನರ್ಜಿ ರಿಸೋರ್ಸ್ ಅಡ್ಜಸ್ಟ್‌ಮೆಂಟ್’ ಎಂಬ ಸಾಲನ್ನು ಹುಡುಕಿ, ಮೊತ್ತಕ್ಕೆ ಮೈನಸ್ ಗುರುತಿದೆಯೇ (ಇದ್ದರೆ ಅಷ್ಟು ಹಣ ನಿಮಗೆ ಮರಳಿದೆ ಎಂದರ್ಥ) ಎಂದು ನೋಡಿದ ಬಳಿಕವೇ ಸಂದೇಶವನ್ನು ಮುಂದಕ್ಕೆ ಕಳುಹಿಸಿ.